ಬಂಡೀಪುರದ ಜಿರಾಫೆ

ಇಡೀ ಆಫ್ರಿಕಾ ಖಂಡದ ಮೇಲೆ ಸಿಟ್ಟು ಮಾಡಿಕೊಂಡ ಮನುಷ್ಯನನ್ನು ನೀವು ಕಂಡದ್ದುಂಟಾ? ನಾನು ಕಂಡಿದ್ದೇನೆ. ಕಂಡದ್ದು ಮಾತ್ರವಲ್ಲ, ತಾಮ್ರದ ಕೊಡ ಹೊತ್ತುಕೊಂಡು ಅವರ ಹಿಂದೆ ಬಂಡೀಪುರದವರೆಗೆ ಹೋಗಿದ್ದೇನೆ! ಮೂಡುಬಿದಿರೆಯ ನನ್ನ ಸೋದರಮಾವ ಅವರು. ಬಿಸಿಲು ಬಂದರೆ ಬಿಸಿಲಿನ ಮೇಲೆ ಸಿಟ್ಟು. ಬಾರದಿದ್ದರೆ ಅಂಗಳದ ಹಪ್ಪಳದ ಪರವಾಗಿ ಮೋಡದ ಮೇಲೆ ಸಿಟ್ಟು. ಸಿಟ್ಟಿಗೆ ತಕ್ಕ ಹಸಿವು. ನಮ್ಮದು ಜೈನರ ಮನೆ. ಅಷ್ಟಮಿ, ಚತುರ್ದಶಿಗೆ ಅತ್ತೆ ಉಪವಾಸ ಮಾಡಿದರೆ, ಮಾವ ಎಲೆಯ ಮುಂದೆ ಕೂತು, "ಮನೆಗೆ ಒಬ್ಬರು ಮಾಡಿದರೆ ಸಾಕು" ಎಂದು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು.

ಅತ್ತೆ ವ್ರತದವರು. ಅವರ ಬಾಯಲ್ಲಿ ಸುಳ್ಳೆಂಬುದೇ ಇಲ್ಲ. ನೆಂಟರಿಗೆ ಬಡಿಸುವ ಮೊದಲೇ "ಪಾಯಸ ತಳ ಹಿಡಿದಿದೆ" ಎಂದು ತಾವಾಗಿ ಹೇಳುವ ಗೃಹಿಣಿಯನ್ನು ಬೇರೆಲ್ಲಿ ಕಂಡೀರಿ?

ಎಲ್ಲ ಶುರುವಾದದ್ದು ಅವರ ಮದುವೆಯ ಹೊಸತರಲ್ಲಿ. ಸಾವಿರ ಕಂಬದ ಬಸದಿಯ ಅಡಿಗಲ್ಲಿನಲ್ಲಿ ಕೆತ್ತಿದ ಉದ್ದ ಕುತ್ತಿಗೆಯ ಪ್ರಾಣಿಯನ್ನು ತೋರಿಸಿ ಅತ್ತೆ, "ಇದು ಎಲ್ಲಿ ಉಂಟು?" ಎಂದು ಕೇಳಿದರಂತೆ. ಹೊಸ ಮದುಮಗ ಗೊತ್ತಿಲ್ಲ ಅನ್ನುವುದುಂಟೇ! "ಬಂಡೀಪುರದ ಕಾಡಿನಲ್ಲಿ ಉಂಟು. ಒಮ್ಮೆ ಕರೆದುಕೊಂಡು ಹೋಗಿ ತೋರಿಸ್ತೇನೆ" ಅಂದುಬಿಟ್ಟರು. ಆಗ ಬಂಡೀಪುರ ಮೈಸೂರಿನದ್ದು, ನಾವು ಮದರಾಸಿನವರು. ಯಾರು ಹೋಗಿ ನೋಡುತ್ತಾರೆ ಎಂಬ ಧೈರ್ಯ. ಆದರೆ ಮಾವನ ಕಷ್ಟ ಸರಕಾರಕ್ಕೆ ಗೊತ್ತೇ? ರಾಜ್ಯ ಒಂದಾಯಿತು! ಊರೆಲ್ಲ ಸಂತೋಷಪಡುವಾಗ ಅತ್ತೆ ಮೆಲ್ಲಗೆ ಕೇಳಿದರು: "ಇನ್ನು ಬಂಡೀಪುರವೂ ನಮ್ಮದೇ ಅಲ್ವಾ?"

ಆಗಷ್ಟೇ ಕಾಲೇಜು ಮುಗಿಸಿದ ನಾನು ಬಾಯಿ ಹಾಕಿದೆ. "ಮಾವ, ಅದು ಜಿರಾಫೆ. ಆಫ್ರಿಕಾದಲ್ಲಿ ಮಾತ್ರ ಇರುವುದು. ಪುಸ್ತಕದಲ್ಲಿ ಉಂಟು."

"ನಿನ್ನ ಪುಸ್ತಕ ಮೊನ್ನೆಯದ್ದು, ಆ ಕಲ್ಲು ಐನೂರು ವರ್ಷದ್ದು! ಕೆತ್ತಿದವ ಆಫ್ರಿಕಾಕ್ಕೆ ಹೋಗಿ ನೋಡಿಕೊಂಡು ಬಂದನಾ? ನಮ್ಮ ಪ್ರಾಣಿಯನ್ನು ಅವರು ಕದ್ದುಕೊಂಡು ಹೋದದ್ದು ಮಾರಾಯ!"

ಅಂದಿನಿಂದ ಆಫ್ರಿಕಾದ ಮೇಲೆ ಸಿಟ್ಟು.

ಉರಿಯುವ ಬೆಂಕಿಗೆ ಬೆಳ್ತಂಗಡಿಯಿಂದ ತುಪ್ಪ ಬಂತು. ಅತ್ತೆಯ ಅಣ್ಣ! ಅವರಿಗಿಂತ ಮೊದಲು ಅವರ ಮೀಸೆ ನಮ್ಮ ಚಾವಡಿಗೆ ಹತ್ತುತ್ತಿತ್ತು. "ಭಾವ, ನನ್ನ ತಂಗಿಗೆ ಆ ಉದ್ದ ಕುತ್ತಿಗೆಯನ್ನು ತೋರಿಸಿ. ಅಂದೇ ಈ ಮೀಸೆ ತೆಗೆಸ್ತೇನೆ!"

"ಕ್ಷೌರದವನಿಗೆ ಈಗಲೇ ಹೇಳಿಡಿ. ನಾವು ನಾಡಿದ್ದೇ ಹೊರಡುವ!" ಎಂದು ಮಾವ ಎದ್ದು ನಿಂತರು.

ಆ ನಾಡಿದ್ದು ಬರಲು ಎರಡು ತಿಂಗಳು ಬೇಕಾಯಿತು. ಕಾಡಿಗೆ ಬಿಳಿ ಬಟ್ಟೆ ಹಾಕಬಾರದೆಂದು ಯಾರೋ ಹೇಳಿದರು. "ಹುಲಿಯ ಮರ್ಜಿ ನೋಡಿ ನಾನು ಪಂಚೆ ಉಡುವುದಾ?" ಪ್ರಾಣಿಗಳು ಹೊರಗೆ ಬರುವುದು ಸಂಜೆಗೆ ಎಂದರು. "ಅದು ನಮ್ಮ ಊಟದ ಹೊತ್ತು! ಹೊತ್ತು ಮುಳುಗಿದ ಮೇಲೆ ನಾವು ತಿನ್ನುವುದಿಲ್ಲ ಅಂತ ಅವಕ್ಕೆ ಯಾರಾದರೂ ಹೇಳಬೇಡವಾ?" ಪರವೂರಿನ ಸೋಸದ ನೀರು ಕುಡಿಯುವುದೂ ಇಲ್ಲವಲ್ಲ, ಹಾಗಾಗಿ ಕೊಡ. ಹೊರುವುದಕ್ಕೆ ನಾನು!

ಬಂಟ್ವಾಳದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ನಮ್ಮ ಕೊಡವನ್ನು ನೋಡಿ, "ಬಾವಿಯನ್ನು ಯಾಕೆ ಬಿಟ್ಟು ಬಂದದ್ದು?" ಎಂದ.

"ನಿಮಗೆ ಬಂಟ್ವಾಳದವರಿಗೆ ನೀರಿನ ಬೆಲೆ ಎಂತ ಗೊತ್ತು? ಮಳೆಗಾಲದಲ್ಲಿ ಹೊಳೆಯೇ ನಿಮ್ಮ ಪೇಟೆಗೆ ಬರ್ತದಲ್ಲ!" ಬಸ್ಸಿಡೀ ನಕ್ಕಿತು. ಮಾವ ನಗಲಿಲ್ಲ, ಅವರು ತಮಾಷೆ ಮಾಡಿದ್ದೇ ಅಲ್ಲ.

ಈಗಿನವರು ಸಫಾರಿ ಎನ್ನುತ್ತಾರಲ್ಲ, ಅದಕ್ಕೆ ಅಂತೂ ಒಂದು ಸಂಜೆ ಬಂಡೀಪುರದಲ್ಲಿ ತೆರೆದ ಜೀಪು ಹತ್ತಿದೆವು. ಕಾಡಿನ ಗಾರ್ಡು ಜಿಂಕೆ ತೋರಿಸಿದ. ಕಾಡುಕೋಣ ತೋರಿಸಿದ. ಮಾವ, ಜವಳಿ ಅಂಗಡಿಯಲ್ಲಿ ಸೀರೆ ಬೇಡವೆನ್ನುವ ಹಾಗೆ, "ಇದು ಬೇಡ, ಬೇರೆ ತೋರಿಸಿ!" ಆನೆಗಳ ಹಿಂಡೇ ದಾರಿ ದಾಟಿತು. ಅತ್ತೆ ಕೈಮುಗಿದರು. ಮಾವನಿಗೆ ತಾಳ್ಮೆ ಮುಗಿಯಿತು.

"ಆ ಉದ್ದ ಕುತ್ತಿಗೆಯದ್ದು ಎಲ್ಲಿ?"

"ಅದು ಇಲ್ಲಿಲ್ಲ ಸ್ವಾಮಿ."

"ಮೊದಲಾದರೂ ಇತ್ತಲ್ಲ?"

"ನಮ್ಮ ತಾತನ ಕಾಲದಲ್ಲೂ ಇರ್ಲಿಲ್ಲ."

ಅತ್ತೆ ಅವಲಕ್ಕಿಯ ಗಂಟು ಬಿಚ್ಚಿ, "ಹೊತ್ತು ಮುಳುಗ್ತದೆ, ತಿನ್ನಿ" ಎಂದರು. ಆನೆಗಳಿಗೆ ಬೆನ್ನು ಹಾಕಿ ತಿಂದರು ಮಾವ. ವಾಪಸು ಬರುವಾಗ ಬಸ್ಸು ಕೆಟ್ಟು ನಿಂತರೂ ಯಾರನ್ನೂ ಬೈಯಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ!

ಮನೆಗೆ ಬಂದರೆ ಚಾವಡಿಯಲ್ಲಿ ಬೆಳ್ತಂಗಡಿಯ ಮೀಸೆ ಕಾದು ಕೂತಿದೆ. "ಭಾವ ಹೇಳುವುದು ಬೇಡ. ತಂಗೀ, ನೀನು ಹೇಳು. ಕಂಡೆಯಾ?"

ಮಾವ ನೆಲ ನೋಡುತ್ತಿದ್ದರು. ಅತ್ತೆ ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟರು.

"ಕಂಡೆ ಅಣ್ಣ. ನಮ್ಮ ಬಸದಿಯ ಕಲ್ಲಿನದ್ದರ ಹಾಗೆಯೇ. ಕುತ್ತಿಗೆ ಇನ್ನೂ ಸ್ವಲ್ಪ ಉದ್ದ."

ಅತ್ತೆ ಹೇಳಿದ ಮೇಲೆ ಮರುಪ್ರಶ್ನೆ ಉಂಟೇ? ಅಂದು ಸಂಜೆಯೇ ಮೀಸೆ ಹೋಯಿತು.

ಮರುದಿನ ಅಷ್ಟಮಿಯಲ್ಲ, ಚತುರ್ದಶಿಯೂ ಅಲ್ಲ. ಅತ್ತೆ ಉಪವಾಸ. ಮಾವನಿಗೆ ಮಾತ್ರ ಎಲೆ ಹಾಕಿ ಬಡಿಸಿದರು. ಮಾವನ ಸಿಟ್ಟು ಅಂತೂ ಬಾಯಿಗೆ ಬಂತು.

"ನಿನಗೆ ಸುಳ್ಳು ಹೇಳಲು ಯಾರು ಹೇಳಿದ್ದು? ಇಷ್ಟು ವರ್ಷ ನಡೆಸಿದ ವ್ರತ! ಆ ದರಿದ್ರ ಮೀಸೆಗೋಸ್ಕರವಾ?"

"ಮೀಸೆಗಲ್ಲ" ಎಂದರು ಅತ್ತೆ. "ಅನ್ನ ತಣ್ಣಗಾಗ್ತದೆ. ಊಟ ಮಾಡಿ. ಮನೆಗೆ ಒಬ್ಬರು ಸಾಕಲ್ಲ."

ಮಾವ ಧಡಕ್ಕನೆ ಎದ್ದರು.

"ಎಂತ ಅನ್ನ ಇದು? ಬೆಂದೇ ಇಲ್ಲ!" ಎಂದು ಗದರಿಸಿ ಅಂಗಳಕ್ಕೆ ಇಳಿದುಬಿಟ್ಟರು.

ಎಲೆಯಲ್ಲಿ ಒಂದು ಅಗುಳನ್ನೂ ಅವರು ಮುಟ್ಟಿರಲಿಲ್ಲ.