ಬಗ್ಗದ ಮೇಷ್ಟ್ರ ಚೀನಾ ಯೋಗ

ನಾನು ಏನನ್ನಾದರೂ ಮುಚ್ಚಿಡಲು ಹೊರಟೆನೆಂದರೆ ನಾಲ್ಕು ಜನ ನಗುವಂಥದ್ದು ಆಗಿಯೇ ತೀರುತ್ತದೆ. ಮುಚ್ಚಿಡುವುದನ್ನು ನಾನು ಬಿಟ್ಟಿಲ್ಲ, ಆಗುವುದೂ ತಪ್ಪಿಲ್ಲ.

ಮೊಳಕಾಲ್ಮೂರಿನ ಒಂದು ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮೇಷ್ಟ್ರಾಗಿದ್ದೆ. ಬೆಳಿಗ್ಗೆ ಐದೂವರೆಗೆ ಶಾಲೆಯ ಹಾಲಿನಲ್ಲಿ ಊರವರಿಗೆ ಪುಕ್ಕಟೆ ಯೋಗ ಹೇಳಿಕೊಡುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ದಿನ, ಎಂಟು ಜನ ಶಿಷ್ಯರ ಮುಂದೆ ಹಲಾಸನ ತೋರಿಸಲು ಮಲಗಿ ಕಾಲುಗಳನ್ನು ತಲೆಯ ಹಿಂದಕ್ಕೆ ಒಯ್ದೆ. ಹೋದವು. ವಾಪಸು ಬರುವಾಗ ಸೊಂಟ ಕಟಕ್ ಎಂದಿತು. ಎಲ್ಲರಿಗೂ ಶವಾಸನ ಮಾಡಲು ಹೇಳಿ, ಅವರ ಕಣ್ಣು ಮುಚ್ಚಿಸಿ, ಗೋಡೆ ಹಿಡಿದು ಎದ್ದೆ.

ಯೋಗದ ಮೇಷ್ಟ್ರಿಗೇ ಸೊಂಟ ಹಿಡಿದಿದೆ ಎಂದು ಗೊತ್ತಾದರೆ ಮಾರನೆಯ ದಿನ ಯಾರು ಬರುತ್ತಾರೆ? ಹನ್ನೊಂದು ವರ್ಷ ಒಬ್ಬೊಬ್ಬರನ್ನೇ ಕರೆದು ಕಟ್ಟಿದ ಕ್ಲಾಸು ಅದು, ನನಗೆ ಸಂಬಳಕ್ಕಿಂತ ಪ್ರೀತಿಯದು. ಹೆಂಡತಿಗೆ ಮಾತ್ರ ಹೇಳಿ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡೆ.

ಶೇಂಗಾ ಕಟ್ಟಿದ ಪುಸ್ತಕ

ನಮ್ಮೂರಲ್ಲಿ ತೋರಿಸಿದರೆ ಸುದ್ದಿಯಾಗುತ್ತದೆಂದು ಚಳ್ಳಕೆರೆಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಆರು ತಿಂಗಳು ಮುಂದಕ್ಕೆ ಬಗ್ಗಲೇಬಾರದು ಎಂದರು. ಹೊರಡುವಾಗ, ಯಾರಾದರೂ ಒಳ್ಳೆಯ ಯೋಗದ ಮೇಷ್ಟ್ರಿದ್ದರೆ ವಿಚಾರಿಸಿ ನೋಡಿ ಎಂದು ಸಲಹೆ ಕೊಟ್ಟರು. ನನ್ನ ಕೆಲಸ ಏನೆಂದು ನಾನು ಹೇಳಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಹುರಿದ ಶೇಂಗಾ ತೆಗೆದುಕೊಂಡೆ. ಪೊಟ್ಟಣದ ಕಾಗದದ ಮೇಲೆ ಗಡ್ಡದ ಚೀನಾ ಮುದುಕನೊಬ್ಬ ಖಾಲಿ ಗಾಳಿಯನ್ನು ತಬ್ಬಿಕೊಂಡು ನಿಂತಿದ್ದ. ಬಗ್ಗಿರಲಿಲ್ಲ. ಗಾಡಿಯವನನ್ನು ಕೇಳಿ, ಆ ಹಾಳೆ ಹರಿದು ಉಳಿದಿದ್ದ ಪುಸ್ತಕವನ್ನೂ ಕೊಂಡೆ. ಇಂಗ್ಲಿಷಿನಲ್ಲಿತ್ತು, ಚೀನಾದ ತಾವೋ ಪಂಥದವರ ಯೋಗ. ನಮ್ಮ ಯೋಗ ದೇಹವನ್ನು ದಾಟಿ ಮೋಕ್ಷಕ್ಕೆ ಹೋಗಲು ನೋಡುತ್ತದೆ, ಅವರದು ಇದೇ ದೇಹದಲ್ಲಿ ಆದಷ್ಟು ದಿನ ಸುಖವಾಗಿರಲು ನೋಡುತ್ತದೆ ಎಂದು ಮೊದಲ ಪುಟದಲ್ಲೇ ಬರೆದಿತ್ತು. ಆ ಸೊಂಟ ಇಟ್ಟುಕೊಂಡು ಮೋಕ್ಷಕ್ಕೆ ಹೋಗುವ ಆಸೆ ನನಗೆ ಇರಲಿಲ್ಲ. ಹಾಗಾಗಿ ಪಂಥ ಬದಲಿಸಿದೆ.

ಪ್ರತಿಯೊಂದನ್ನೂ ಹೇಗೆ ಶುರು ಮಾಡಬೇಕು ಎಂಬುದು ಪುಸ್ತಕದಲ್ಲಿತ್ತು. ಯಾವಾಗ ನಿಲ್ಲಿಸಬೇಕು ಎಂಬ ಪುಟಗಳು ಶೇಂಗಾ ಕಟ್ಟಿಕೊಂಡು ಚಳ್ಳಕೆರೆ ತುಂಬಾ ಹೋಗಿದ್ದವು.

ಲಿವರಿಗೆ ಒಂದು ನಗು

ಆ ಯೋಗದಲ್ಲಿ ಒಳನಗೆ ಎಂಬ ಸಾಧನೆಯಿದೆ. ಕಣ್ಣು ಮುಚ್ಚಿ ಕೂತು ಹೃದಯ, ಲಿವರು, ಕಿಡ್ನಿ ಎಲ್ಲವನ್ನೂ ಒಂದೊಂದಾಗಿ ನೆನೆದು ಅವಕ್ಕೆ ಮುಗುಳ್ನಗಬೇಕು. ನಮ್ಮ ಕಡೆ ಧ್ಯಾನವೆಂದರೆ ಮುಖ ಗಂಟು ಹಾಕಿಕೊಂಡೇ ಕೂರುವುದು, ಆದ್ದರಿಂದ ಇದು ಹೊಸದೆನಿಸಿತು. ಹಿತ್ತಲಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಶುರು ಮಾಡಿದೆ.

ಅವ್ವ ಹಳ್ಳಿಯಿಂದ ಬಂದಿದ್ದಳು. ಮೂರು ದಿನ ಕಿಟಕಿಯಿಂದ ನೋಡಿದಳು. ನಾಲ್ಕನೆಯ ದಿನ ಉಪ್ಪು, ಮೆಣಸಿನಕಾಯಿ ತಂದು ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ನಾನು ಕೆಮ್ಮಿದೆ. ದೃಷ್ಟಿಯಾಗಿದ್ದರೆ ಘಾಟೇ ಬರುತ್ತಿರಲಿಲ್ಲ, ಅಂದರೆ ಬೇರೆ ಏನೋ ಆಗಿದೆ ಎಂದು ತೀರ್ಮಾನಿಸಿ ನೇರವಾಗಿ ಕೇಳಿಯೇಬಿಟ್ಟಳು. ಲಿವರಿಗೆ ನಗುತ್ತಿದ್ದೇನೆ, ಅದಕ್ಕೆ ಒಳ್ಳೆಯದಂತೆ ಎಂದೆ.

ಅವ್ವ ಅಡಿಗೆಮನೆಯ ಕಡೆ ಒಮ್ಮೆ ನೋಡಿದಳು.

"ಹೊಟ್ಟೆ ಒಳಗಿರೋದ್ಕೆ ದಿನಾ ನಗ್ತೀಯ. ಹೊಟ್ಟೆಗೆ ಇಕ್ಕೋಳ್ಗೆ ಒಂದಿನನಾದ್ರೂ ನಕ್ಕಿದೀಯೇನಪ್ಪಾ?"

ಅಂದಿನಿಂದ ಪಟ್ಟಿಯಲ್ಲಿ ಹೆಂಡತಿಯನ್ನೂ ಸೇರಿಸಿಕೊಂಡೆ. ಕಿಡ್ನಿ ಆದ ಮೇಲೆ.

ನೈಟ್ ಹಾಲ್ಟ್

ಕ್ಲಾಸಿನಲ್ಲಿ ಆಸನಗಳನ್ನು ಕಡಿಮೆ ಮಾಡಿ ಮಾತು ಜಾಸ್ತಿ ಮಾಡಿದ್ದೆ. ಒಂದು ದಿನ ಎರಡೂ ಯೋಗಗಳ ವ್ಯತ್ಯಾಸ ವಿವರಿಸಿದೆ. ನಮ್ಮಲ್ಲಿ ಶಕ್ತಿಯನ್ನು ಬೆನ್ನುಮೂಳೆಯ ಬುಡದಿಂದ ಎಬ್ಬಿಸಿ ನೆತ್ತಿಗೆ ಏರಿಸಿ ಅಲ್ಲಿಯೇ ನಿಲ್ಲಿಸುತ್ತಾರೆ. ಅವರು ನೆತ್ತಿಗೆ ಏರಿಸಿದ್ದನ್ನು ಮುಖ, ಎದೆಯ ಮೇಲಿಂದ ಇಳಿಸಿ ಮತ್ತೆ ಹೊಕ್ಕುಳಿಗೆ ತಂದು ಸುತ್ತಿಸುತ್ತಾರೆ. ಮುಕ್ಕಾಲು ಗಂಟೆ ಹೇಳಿದೆ. ಯಾರ ಮುಖದಲ್ಲೂ ಏನೂ ಕಾಣಲಿಲ್ಲ.

ನಮ್ಮ ಶಿಷ್ಯರಲ್ಲಿ ಒಬ್ಬರು ಚಳ್ಳಕೆರೆ ಬಸ್ಸಿನ ಕಂಡಕ್ಟರು. ಅವರು ಪಕ್ಕದವರಿಗೆ ಬಿಡಿಸಿ ಹೇಳಿದರು.

"ಏನಿಲ್ಲ, ನಮ್ದು ನೈಟ್ ಹಾಲ್ಟ್ ಗಾಡಿ. ಅವ್ರದು ಅದೇ ದಿನ ವಾಪಸ್ ಬರೋದು."

ಎಲ್ಲರೂ ತಲೆಯಾಡಿಸಿದರು. ಆಮೇಲೆ ನಾನು ಈ ವಿಷಯದ ಮೇಲೆ ಇನ್ನೂ ಮೂರು ಪುಸ್ತಕ ಓದಿದೆ. ಇಷ್ಟು ಸ್ಪಷ್ಟವಾಗಿ ಯಾವುದರಲ್ಲೂ ಇಲ್ಲ.

ಏಳು ಪಾಲು

ತಾವೋ ಯೋಗದ ಮುಖ್ಯ ಸೂತ್ರ, ಯಾವುದನ್ನೂ ಪೂರ್ತಿ ಮಾಡಬಾರದು ಎಂಬುದು. ಕೈಲಾಗುವುದರಲ್ಲಿ ಹತ್ತಕ್ಕೆ ಏಳು ಪಾಲು ಮಾಡಿ ಮೂರು ಪಾಲು ಉಳಿಸಿಕೊಳ್ಳಬೇಕು. ಆಸನವನ್ನು ಕೊನೆಯವರೆಗೂ ಎಳೆಯಿರಿ ಎಂದು ಹನ್ನೊಂದು ವರ್ಷ ಹೇಳಿದ ಬಾಯಲ್ಲೇ ಇದನ್ನೂ ಹೇಳಿದೆ. ಅವತ್ತಿನಿಂದ ಕ್ಲಾಸಿಗೆ ಜನ ಹೆಚ್ಚತೊಡಗಿದರು. ಚೀನಾದವರ ವಿದ್ಯೆಯ ಮಹಿಮೆ ಎಂದುಕೊಂಡೆ.

ಒಂದು ವಾರದ ನಂತರ ಮಗ್ಗದ ಯಜಮಾನರೊಬ್ಬರು ತೋಳ ಮೇಲೆ ರೇಷ್ಮೆ ಸೀರೆ ಹಾಕಿಕೊಂಡು ಮನೆಗೆ ಬಂದರು. ಅವರಿಗೆ ಸಿಟ್ಟು ಬಂದರೆ ಮಾತು ತೆಲುಗಿಗೆ ತಿರುಗುತ್ತದೆ. "ಕೊಂಗು ಏದಿ ಸಾರ್?" ಎಂದರು. ಸೆರಗು ಎಲ್ಲಿ ಎಂದು ಕೇಳುತ್ತಿದ್ದರು. ನೋಡಿದೆ; ಅಂಚಿತ್ತು, ಒಡಲಿತ್ತು, ಸೆರಗಿರಲಿಲ್ಲ. ಅವರಲ್ಲಿ ನೇಯುವ ನನ್ನ ಶಿಷ್ಯ, ಒಡಲು ಮುಗಿದ ಮೇಲೆ ಏಳು ಪಾಲಾಯಿತೆಂದು ಮಗ್ಗದಿಂದ ಕೊಯ್ದು ಕೊಟ್ಟು, ಕಾಲು ಇಳಿಬಿಟ್ಟು ನೇಯುವ ಗುಂಡಿಯಿಂದ ಎದ್ದುಬಿಟ್ಟಿದ್ದಾನೆ. ಮದುವೆಯ ಸೀರೆ.

ಶಿಷ್ಯನೂ ಹಿಂದೆಯೇ ಬಂದಿದ್ದ. ಏಕಯ್ಯಾ ಹೀಗೆ ಮಾಡಿದೆ ಎಂದೆ. ಅವನು ಶಾಂತವಾಗಿದ್ದ. "ಹದಿನೈದು ವರ್ಷದಾಗೆ ಸೊಂಟ ನೋಯ್ದೇ ಇರೋದು ಇವತ್ತೇ ಸಾರ್" ಎಂದ.

ಯಜಮಾನರು ಸೀರೆ ಮಡಚಿಕೊಂಡು ಹೋದರು. ಮದುಮಗಳಿಗೆ ಬೇರೆ ಸೀರೆ ಹುಡುಕಿ ಕೊಟ್ಟರು. ಮಾರನೆಯ ಬೆಳಿಗ್ಗೆ ಐದೂವರೆಗೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಕ್ಲಾಸಿಗೆ ಬಂದು ಮೊದಲ ಸಾಲಿನಲ್ಲಿ ಕೂತರು.

ಕುರಿ ಎಲ್ಲಿ

ಮರದಂತೆ ನಿಲ್ಲುವುದು ಶೇಂಗಾ ಪೊಟ್ಟಣದ ಮೇಲಿದ್ದ ಆ ಮುದುಕನ ಸಾಧನೆ. ಮೊಣಕಾಲು ಸಡಿಲ ಬಿಟ್ಟು, ಕೈಗಳನ್ನು ಹೊಟ್ಟೆಯ ಮುಂದೆ ಹಿಡಿದು ಅಲುಗಾಡದೆ ನಿಲ್ಲಬೇಕು. ಎಷ್ಟು ಹೊತ್ತು ಎಂಬ ಪುಟ ಇಲ್ಲ. ಊರಲ್ಲಿ ನಿಂತರೆ ಜನ ಕೇಳುತ್ತಾರೆಂದು, ಉಳ್ಳಾರ್ತಿಯ ನೆಂಟರ ಮನೆಗೆ ಹೋದಾಗ ಊರಾಚೆಯ ಹುಲ್ಲುಗಾವಲಿಗೆ ಹೋಗಿ ನಿಂತೆ.

ಕಾಲು ಗಂಟೆಗೆ ತೊಡೆ ನಡುಗತೊಡಗಿತು. ಕಣ್ಣು ಬಿಟ್ಟರೆ ಹತ್ತು ಮಾರು ದೂರದಲ್ಲಿ ವಯಸ್ಸಾದ ಕುರಿಗಾಹಿಯೊಬ್ಬರು ಕೋಲಿಗೆ ಗಲ್ಲ ಕೊಟ್ಟು, ಒಂದು ಪಾದವನ್ನು ಇನ್ನೊಂದು ಮೊಣಕಾಲಿಗೆ ಊರಿ, ಒಂಟಿ ಕಾಲಲ್ಲಿ ನಿಂತಿದ್ದರು. ನನಗಿಂತ ಮೊದಲೇ ನಿಂತವರು. ಕಂಬಳಿಯ ಅಂಚೂ ಅಲುಗುತ್ತಿರಲಿಲ್ಲ. ನನಗೆ ಹಟ ಬಂತು. ಇನ್ನೂ ಹತ್ತು ನಿಮಿಷ ನಿಂತು ಸೋತು ಕುಕ್ಕರಿಸಿದೆ. ಅವರು ಹತ್ತಿರ ಬಂದು ಕನಿಕರದಿಂದ ಕೇಳಿದರು.

"ಎಷ್ಟು ಕುರಿ ಕಳ್ಕಂಡ್ರಿ ಸಾಮೀ?"

ಕುರಿಯೇ ಇಲ್ಲ ಎಂದೆ. ಎಲ್ಲವೂ ಹೋದವೆಂದು ತಿಳಿದು ಅವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

ಎರಡು ನಿಮಿಷ ಮೌನ

ಅಷ್ಟರಲ್ಲಿ ಚಳ್ಳಕೆರೆಯ ಒಂದು ಸಂಘದವರು ಯೋಗ ಪ್ರದರ್ಶನಕ್ಕೆ ಕರೆದರು. ಒಲ್ಲೆ ಎಂದರೆ ಅನುಮಾನ, ಹೂಂ ಎಂದರೆ ಎರಡು ತಾಲ್ಲೂಕಿನ ಎದುರು ಮಾನ ಹೋಗುವುದು. ಹೂಂ ಎಂದೆ. ಶಿಷ್ಯರು ಆಗ ಇಪ್ಪತ್ತೇಳು ಜನ. ಎಲ್ಲರೂ ಬಂದರು.

ಮೈಕಿನವರು "ಈಗ ಮೇಷ್ಟ್ರಿಂದ ಹಲಾಸನ" ಎಂದು ಕೂಗಿದರು. ಯಾರೂ ಕೇಳದೆಯೇ ನಮ್ಮ ಕಂಡಕ್ಟರು ಎದ್ದು, ಮೇಷ್ಟ್ರು ಇವತ್ತು ನಿಲ್ಲುವ ಯೋಗ ತೋರಿಸುತ್ತಾರೆ ಎಂದರು. ಇಪ್ಪತ್ತೇಳೂ ಜನ ವೇದಿಕೆ ಹತ್ತಿ ನನ್ನ ಹಿಂದೆ ನಿಂತರು. ಕಣ್ಣು ಮುಚ್ಚಿ, ಕೈಗಳನ್ನು ಹೊಟ್ಟೆಯ ಮುಂದೆ ಹಿಡಿದು ತಲೆ ಬಗ್ಗಿಸಿದೆವು.

ಹಿಂದಿನ ಸಾಲುಗಳಿಗೆ ಕಂಡಕ್ಟರ ಮಾತು ಕೇಳಿಸಿರಲಿಲ್ಲ. ಸ್ವಲ್ಪ ಹೊತ್ತಿಗೆ ಕುರ್ಚಿಗಳ ಸದ್ದಾಯಿತು. ಅರೆಗಣ್ಣಲ್ಲಿ ನೋಡಿದರೆ ಸಭೆಯೂ ಎದ್ದು ತಲೆ ತಗ್ಗಿಸಿ ನಿಂತಿದೆ. ಟೋಪಿ ಇದ್ದವರು ತೆಗೆದಿದ್ದಾರೆ. ತಡವಾಗಿ ಬಂದ ಮುಖ್ಯ ಅತಿಥಿಗಳು ಬಾಗಿಲಲ್ಲೇ ನಿಂತು ಪಕ್ಕದವರನ್ನು ಪಿಸುಮಾತಿನಲ್ಲಿ ಏನೋ ಕೇಳಿದರು. ಅವರಿಗೂ ಗೊತ್ತಿರಲಿಲ್ಲ. ಯಾವಾಗ ಮುಗಿಸಬೇಕು ಎಂಬ ಪುಟ ನನ್ನ ಹತ್ತಿರವೂ ಇರಲಿಲ್ಲ. ಹೀಗೆ ಇಪ್ಪತ್ತು ನಿಮಿಷ ಹೋಯಿತು. ಕೊನೆಗೆ ಯಾರದೋ ಮಗು ಅತ್ತಿತು, ಎಲ್ಲರೂ ಕೂತರು. ಅತಿಥಿಗಳು ಮೈಕು ಹಿಡಿದು, ಅಗಲಿದ ಹಿರಿಯರು ತಮಗೂ ಬಹಳ ಬೇಕಾದವರಾಗಿದ್ದರು ಎಂದು ಗದ್ಗದಿತರಾದರು.

ವಾಪಸು ಬರುವ ಬಸ್ಸಿನಲ್ಲಿ, ಚೀನಾದವರ ಯೋಗವೇ ಇಷ್ಟು ಜನರನ್ನು ಎಳೆದು ತಂದಿದೆ ಎಂದು ನಾನು ಸಂತೋಷದಿಂದ ಹೇಳಿದೆ. ಕಂಡಕ್ಟರು ಕೆಮ್ಮಿದರು.

"ತಪ್ಪು ತಿಳ್ಕಾಬ್ಯಾಡ್ರಿ ಸಾರ್. ಸೀಟು ಖಾಲಿ ಇದ್ರೂ ನೀವು ಬಸ್ನಾಗೆ ಕೂತು ಐದು ತಿಂಗ್ಳಾತು. ನಿಮ್ಗೆ ಸೊಂಟ ಹಿಡ್ದೈತೆ ಅಂತ ಊರಿಗೇ ಗೊತ್ತೈತೆ. ಅದ್ಕೇ ಎಲ್ರೂ ಬರ್ತಿರೋದು. ಮದ್ಲು ನಮ್ಮನ್ನ ಬಗ್ಗಿಸಿ ಬಗ್ಗಿಸಿ ಸಾಯಿಸ್ತಿದ್ರಿ."

ಮಗ್ಗದ ಯಜಮಾನರು ಕಿಟಕಿಯ ಆಚೆ ನೋಡುತ್ತಾ, ಬೇಗ ವಾಸಿಯಾಗದಿರಲಿ ಎಂದು ಯಾರೋ ನಾಯಕನಹಟ್ಟಿಯ ದೇವರಿಗೆ ಹರಕೆಯನ್ನೂ ಹೊತ್ತಿದ್ದಾರಂತೆ ಎಂದು ಸೇರಿಸಿದರು. ನನ್ನ ಕಣ್ಣು ತುಂಬಿ ಬಂತು. ಸಿಟ್ಟಿಗೋ ಪ್ರೀತಿಗೋ ಇವತ್ತಿಗೂ ಹೇಳಲಾರೆ.

ಮುಂದಿನ ತಿಂಗಳೇ ಸೊಂಟ ಪೂರ್ತಿ ವಾಸಿಯಾಯಿತು. ಹಿತ್ತಲಿನ ಬಾಗಿಲು ಹಾಕಿಕೊಂಡು ದಿನಾ ಹಲಾಸನ ಮಾಡುತ್ತೇನೆ, ಕಾಲುಗಳು ಸಲೀಸಾಗಿ ಹೋಗಿ ಬರುತ್ತವೆ. ಹೆಂಡತಿಯೊಬ್ಬಳಿಗೇ ಗೊತ್ತು. ಯಾರಿಗೂ ಹೇಳಬಾರದೆಂದು ಅವಳಿಂದ ಮತ್ತೆ ಆಣೆ ಹಾಕಿಸಿಕೊಂಡಿದ್ದೇನೆ.