ಒಡೆಯದ ಹೆಲ್ಮೆಟ್

ಬೆಳಿಗ್ಗೆ ಕಾರ್ಖಾನೆಗೆ ಬಂದವನೇ ಅಂಟಪ್ಪ ಹೊಸ ಹೆಲ್ಮೆಟ್ಟಿನ ಮೇಲೆ ಸ್ಪ್ಯಾನರ್ ಬೀಳಿಸಿದ. ಕೈ ಜಾರಿತು, ಅಷ್ಟೇ. ಹೆಲ್ಮೆಟ್ಟಿನ ನೆತ್ತಿಯ ಮೇಲೆ ಕೂದಲೆಳೆಯಂಥ ಬಿರುಕು ಕಂಡಿತು.

ಗಾಜಿನ ನಾರಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ನಡುವೆ ಅಂಟು ಬಳಿದು, ಅಚ್ಚಿನಲ್ಲಿ ಗಟ್ಟಿಮಾಡುವುದು ಅವನ ಕಸುಬು. ಕೈಯೆಲ್ಲ ಸದಾ ಅಂಟಂಟು. ಹಾಗಾಗಿ ಆ ಹೆಸರು. ಆ ಪುಟ್ಟ ಕಾರ್ಖಾನೆ ಮಾಡುತ್ತಿದ್ದ ನೀರಿನ ತೊಟ್ಟಿಗಳನ್ನು ಈಚೆಗೆ ಕೇಳುವವರೇ ಇರಲಿಲ್ಲ. ಅವನು ಮಾಡಿದ ಈ ಮಾದರಿಯನ್ನು ಪರೀಕ್ಷಿಸಲು ಸಂಜೆ ಹೆಲ್ಮೆಟ್ ಕಂಪನಿಯ ಮೇಡಂ ಬರುವವರಿದ್ದರು. ಅವರು ಒಪ್ಪಿದರೆ ಉಳಿಗಾಲ, ಇಲ್ಲದಿದ್ದರೆ ಬಾಗಿಲಿಗೆ ಬೀಗ.

"ಸ್ಪ್ಯಾನರಿಗೇ ಹೀಗಾದ್ರೆ ಲಾರಿ ಗುದ್ದಿದ್ರೆ ಏನು ಗತಿ? ಇನ್ನೆರಡು ಪದರ ಹಾಕು," ಎಂದ ಸ್ಟೋರಿನವನು. ಅಂಟಪ್ಪ ಹಾಕಿದ.

ಲೆಕ್ಕ ಬರೆಯುವ ಅಕ್ಕ ಬಂದು ಬೆರಳಲ್ಲಿ ತಟ್ಟಿ ನೋಡಿದರು. "ಇನ್ನೂ ಟೊಳ್ಳು ಸದ್ದು ಬರ್ತಿದೆ ಕಣಪ್ಪ. ನಮ್ಮನೆ ಬಾಗಿಲೇ ಇದಕ್ಕಿಂತ ವಾಸಿ."

ಅಂಟಪ್ಪ ಮತ್ತೆ ಹಾಕಿದ. ಮಧ್ಯಾಹ್ನದ ಹೊತ್ತಿಗೆ ಹೆಲ್ಮೆಟ್ ಕುಂಬಳಕಾಯಿಯಂತೆ ಊದಿಕೊಂಡಿತು.

"ಇದು ಒಣಗೋದು ಯಾವಾಗ? ಗಟ್ಟಿಮಾಡೋ ಔಷಧಿಗೆ ಯಾಕೆ ಜಿಪುಣತನ?" ಎನ್ನುತ್ತ ವ್ಯಾನ್ ಡ್ರೈವರ್ ತಾನೇ ಅಂಟಿನೊಳಗೆ ಆ ಔಷಧಿಯ ಡಬ್ಬಿ ಬಗ್ಗಿಸಿದ. ಅದನ್ನು ಬಳಿದ ಸ್ವಲ್ಪ ಹೊತ್ತಿಗೆ ಹೆಲ್ಮೆಟ್ ಕಾದು ಹೊಗೆಯಾಡತೊಡಗಿತು. ಸ್ಟೋರಿನವನು ಓಡಿಬಂದು ಎರಚಿದ ಬಕೆಟ್ ನೀರು, ಏನು ಗಲಾಟೆ ಎಂದು ಇಣುಕಿದ ಮಾಲೀಕರ ಮೇಲೆ ಬಿತ್ತು. ಹೆಲ್ಮೆಟ್ಟನ್ನು ಹೊರಗೊಯ್ಯಲು ಹಿಡಿದ ಅಂಟಪ್ಪನ ಕೈಗವಸು ಅದಕ್ಕೇ ಕಚ್ಚಿಕೊಂಡಿತು. ಕತ್ತರಿಸಿ ಬಿಡಿಸಿದಾಗ ಗವಸಿನ ಒಂದು ಬೆರಳು ಹೆಲ್ಮೆಟ್ಟಿನ ಮೇಲೆಯೇ ಉಳಿಯಿತು. ಅದರ ಮೇಲೇ ಬಣ್ಣ ಬಳಿದರು.

ಸಂಜೆ ಮೇಡಂ ಬಂದರು. ಜೊತೆಗೆ, ಒಳಗೆ ಏಟು ಅಳೆಯುವ ಮೀಟರ್ ಇದ್ದ ಒಂದು ಗೊಂಬೆತಲೆ. ಅದಕ್ಕೆ ಹೆಲ್ಮೆಟ್ ತೊಡಿಸಿ, ಮೇಲಿಂದ ಕಬ್ಬಿಣದ ಗುಂಡು ಬಿಟ್ಟರು. ಅಂಟಪ್ಪ ಕಣ್ಣು ಮುಚ್ಚಿಕೊಂಡ.

ಢಣ್ ಎಂದಿತು. ಗುಂಡು ಚೆಂಡಿನಂತೆ ಪುಟಿದು ಹೋಗಿ ಅಕ್ಕನ ಮೇಜಿನ ಕಾಲು ಮುರಿಯಿತು. ಹೆಲ್ಮೆಟ್ಟಿನ ಮೇಲೆ ಒಂದು ಗೀರೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಒದ್ದೆ ಅಂಗಿಯ ಮಾಲೀಕರು ಅಂಟಪ್ಪನನ್ನು ತಬ್ಬಿಯೇಬಿಟ್ಟರು.

ಮೇಡಂ ಮೀಟರ್ ನೋಡಿ ಕನ್ನಡಕ ತೆಗೆದರು. "ಹೆಲ್ಮೆಟ್ಟಿಗೆ ಏನೂ ಆಗಿಲ್ಲ. ತಲೆ ಹೋಗಿದೆ."

ಚಪ್ಪಾಳೆ ನಿಂತಿತು.

"ಏಟನ್ನ ಹೆಲ್ಮೆಟ್ ತಿನ್ಬೇಕು. ತಾನು ಬಿರುಕು ಬಿಟ್ಟು, ಪದರ ಸೀಳಿಕೊಂಡು, ಪೆಟ್ಟನ್ನ ಅಲ್ಲೇ ಮುಗಿಸ್ಬೇಕು. ನಿಮ್ಮದು ಎಲ್ಲಾನೂ ನೇರವಾಗಿ ತಲೆಗೆ ದಾಟಿಸ್ಬಿಡ್ತು."

"ಅಂದ್ರೆ ಒಡೆಯೋ ಹೆಲ್ಮೆಟ್ ಬೇಕಾ, ಮೇಡಂ?" ಅಂಟಪ್ಪ ಕೇಳಿದ.

"ಸರಿಯಾಗಿ ಒಡೆಯೋದು. ನಿಮ್ಮ ಕೈಕೆಲಸ ಚೆನ್ನಾಗಿದೆ, ತೆಳ್ಳಗೆ ಮಾಡಿ. ಮುಂದಿನ ವಾರ ಮತ್ತೆ ಬರ್ತೀನಿ."

ಮೇಡಂ ಹೋದರು. ಸ್ಟೋರಿನವನಿಗೆ, ಡ್ರೈವರಿಗೆ, ಅಕ್ಕನಿಗೆ ಇದ್ದಕ್ಕಿದ್ದಂತೆ ಬೇರೆ ಬೇರೆ ಕೆಲಸ ನೆನಪಾಯಿತು. ಅಂಟಪ್ಪ ಒಬ್ಬನೇ ಖಾಲಿ ಅಚ್ಚಿನ ಮುಂದೆ ನಿಂತ. ಒಡೆಯಬಾರದೆಂದು ಜೀವಮಾನವಿಡೀ ಬೈಸಿಕೊಂಡವನಿಗೆ ಈಗ ಒಡೆಯುವಂತೆ ಮಾಡುವ ಕೆಲಸ! ಇರಲಿ, ಬೀಗವಂತೂ ಬಿದ್ದಿಲ್ಲ. ಅವನು ಸಣ್ಣಗೆ ಸೀಟಿ ಹಾಕುತ್ತ ಹೊಸ ಬಟ್ಟೆಯ ಸುರುಳಿ ಬಿಚ್ಚಿದ.

ಮಾಲೀಕರು ಅಂಗಿ ಹಿಂಡಿಕೊಳ್ಳುತ್ತ ಬಂದು ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತರು.

"ನೋಡು ಅಂಟಪ್ಪ, ಈ ಸಲ ಯಾರ ಮಾತೂ ಕೇಳ್ಬೇಡ. ನಾನು ಹೇಳಿದ ಹಾಗೆ ಮಾಡು."