ಜೀಪಿಗೆ ಪುರಾಣ ಹಚ್ಚಿದ್ದು

ಎಪ್ಪತ್ತೈದರ ಸುಮಾರಿಗೆ ಇಂಡಿ ಪಟ್ಟಣವನ್ನು ಕಲಕಿದ ಒಂದು ಗಂಭೀರ ಸುದ್ದಿಯನ್ನು ವಿಷಾದದಿಂದ ವರದಿ ಮಾಡುತ್ತಿದ್ದೇನೆ. ನನ್ನ ಜೀಪು ಸಂತೆಯ ನಡುವೆ ಕೆಮ್ಮಿ ನಿಂತಿತು. ಮಿಲ್ಟ್ರಿಯವರು ಹರಾಜು ಹಾಕಿದ ಹಳೇ ಗಾಡಿ. ವಕೀಲನಾದ ನಾನು ಅದನ್ನು ಕೊಂಡಂದಿನಿಂದ ಇಂಥ ಸುದ್ದಿಗಳಿಗೆ ಕೊರತೆಯಿರಲಿಲ್ಲ. ಈ ಸಲ ಮಾತ್ರ ಅಕ್ಕನ ಮಗನ ಮದುವೆ ಎದುರಿಗಿತ್ತು. ವರನನ್ನು ಹೆಣ್ಣಿನ ಊರಾದ ಮುದ್ದೇಬಿಹಾಳಕ್ಕೆ ಜೀಪಿನಲ್ಲೇ ಕರೆತರುತ್ತೇನೆಂದು ಬೀಗರಿಗೆ ಮಾತು ಕೊಟ್ಟಿದ್ದೆ.

"ತಮ್ಮಾ, ಬೀಗರ ಮುಂದ ಮಾನ ಕಳೀಬ್ಯಾಡ. ಬಸ್ಸಿಗೆ ಹೋಗೂಣು," ಎಂದಳು ಅಕ್ಕ.

"ರಿಪೇರಿ ಪುಸ್ತಕ ತರ್ತೇನಿ ಅಕ್ಕಾ. ಪುಸ್ತಕದಾಗ ಇಲ್ಲದ್ದು ಏನೈತಿ?" ಎಂದೆ. ವಕೀಲರಿಗೆ ಇದೊಂದು ಕಾಯಿಲೆ.

೧. ಸಿಂದಗಿಯಲ್ಲಿ ಆಯ್ಕೆ

ಸಿಂದಗಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಜೀಪು ರಿಪೇರಿಯ ಎರಡು ಇಂಗ್ಲಿಷ್ ಪುಸ್ತಕಗಳಿದ್ದವು. ಒಂದು ಎಣ್ಣೆ ಕುಡಿದು ಕಪ್ಪಾಗಿತ್ತು. ಪುಟಪುಟಕ್ಕೂ ಹೆಬ್ಬೆಟ್ಟಿನ ಗುರುತು. ಇನ್ನೊಂದು ಮುಟ್ಟಿದರೆ ಮಾಸುವಂತಿತ್ತು.

"ಕರೀದು ಬ್ಯಾಡ್ರಿ ಸಾಹೇಬ್ರ," ಎಂದ ನನ್ನ ಡ್ರೈವರ್. "ಇಷ್ಟು ಸಲ ತೆರದಾರಂದ್ರ ಆ ಗಾಡಿ ಎಷ್ಟು ಸಲ ಕೆಟ್ಟಿರಬೇಕು? ಅಪಶಕುನ. ಇದನ್ನ ಯಾರೂ ತೆರದೇ ಇಲ್ಲ. ಅಂದ್ರ ಇದರ ಗಾಡಿ ಕೆಟ್ಟೇ ಇಲ್ಲ."

ಕೋರ್ಟಿನಲ್ಲಾದರೆ ಇಂಥ ವಾದಕ್ಕೆ ಎದ್ದುನಿಂತು ಆಕ್ಷೇಪಿಸುತ್ತಿದ್ದೆ. ಅಂಗಡಿಯಲ್ಲಿ ತಲೆದೂಗಿದೆ.

೨. ಇಂಡಿಯಲ್ಲಿ ರಿಪೇರಿ

ಪುಸ್ತಕದ ಜೀಪಿಗೆ ಸ್ಟೇರಿಂಗ್ ಎಡಕ್ಕಿತ್ತು, ನಮ್ಮದಕ್ಕೆ ಬಲಕ್ಕೆ. ಡ್ರೈವರ್ ಗಾಬರಿಯಾಗದೆ ಪುಸ್ತಕವನ್ನು ತಲೆಕೆಳಗೆ ಹಿಡಿದ.

"ಹಿಂಗ ಹಿಡದ್ರ ನಮ್ಮ ಕಡಿ ಬರತೈತ್ರಿ."

ಅಕ್ಕ ಬಗ್ಗಿ ನೋಡಿದಳು. "ಅಂದ್ರ ಗಾಡಿ ಪಲ್ಟಿ ಹೊಡದ ಮ್ಯಾಲ ರಿಪೇರಿ ಮಾಡ್ತೀಯೇನೋ?"

ಕೆಲಸ ಮುಗಿದಾಗ ಒಂದು ಬೊಗಸೆ ನಟ್ಟು ಉಳಿದವು. ಮಿಲ್ಟ್ರಿಯವರು ಹೆಚ್ಚಿಗೆ ಹಾಕಿದ್ದರೆಂದು ತೀರ್ಮಾನವಾಯಿತು. ದುರದೃಷ್ಟವಶಾತ್ ಜೀಪು ಚಾಲೂ ಆಯಿತು.

೩. ಬಸವನ ಬಾಗೇವಾಡಿಯಲ್ಲಿ ಪುರಾಣ

ಮದುವೆಯ ದಿನ ರುಮಾಲು ಸುತ್ತಿದ ವರ, ಅಕ್ಕ, ನಾನು, ಡ್ರೈವರ್ ಹೊರಟೆವು. ಬಾಗೇವಾಡಿಯ ಒಂದು ಕಟ್ಟೆಯ ಎದುರು ಜೀಪು ನಿಂತಿತು. ಡ್ರೈವರ್ ಕೆಳಗೆ ನುಸುಳಿ ಪುಸ್ತಕ ಕೇಳಿದ. ನಾನು ಅದನ್ನು ನೆಲದ ಮೇಲೆ ಇಡಹೋದೆ.

"ಏ ಸಾಹೇಬ್ರ! ವಿದ್ಯಾನ ಮಣ್ಣಾಗ ಇಡ್ತೀರಿ?" ಎಂದು ಕಟ್ಟೆಯಿಂದ ಎದ್ದವರು ನಿವೃತ್ತ ಮಾಸ್ತರರು, ಶ್ರಾವಣದಲ್ಲಿ ಊರಿಗೆ ಪುರಾಣ ಹೇಳುವವರು. ಬಾನೆಟ್ಟಿನ ಮೇಲೆ ಶಲ್ಯ ಹಾಸಿ ಪುಸ್ತಕ ಇಡಿಸಿದರು. ಪುರಾಣ ಹಚ್ಚುವ ಪದ್ಧತಿಯಂತೆ ನಾನು ಓದಬೇಕು, ಅವರು ಅರ್ಥ ಹೇಳಬೇಕು, ಡ್ರೈವರ್ ಕೆಳಗೆ ಮಾಡಬೇಕು. ನಾನು ಇಂಜಿನ್ನಿನ ಪುಟ ತೆಗೆದೆ.

"ಪುರಾಣ ನಡುವಿನಿಂದ ಹಚ್ಚಬಾರದ್ರಿ. ಮೊದಲಿಂದ ಬರ್ರಿ."

ಮೊದಲ ಅಧ್ಯಾಯ, ಜೀಪನ್ನು ಹಡಗಿನಿಂದ ಇಳಿಸುವ ಬಗೆ. ಮಾಸ್ತರರು ಸಮುದ್ರದ ವರ್ಣನೆಗೆ ಇಳಿದರು. ಹೆಣ್ಣುಮಕ್ಕಳು ಬಂದು ಕೂತರು. ಯಾರೋ ಊದಿನಕಡ್ಡಿ ತಂದರು.

"ಹಚ್ಚಬ್ಯಾಡ್ರೋ! ಪೆಟ್ರೋಲ್ ಸೋರಾಕತ್ತೈತಿ!" ಎಂದು ಡ್ರೈವರ್ ಕೆಳಗಿನಿಂದ ಚೀರಿದ.

"ಪೆಟ್ರೋಲಿನ ಅಧ್ಯಾಯ ಇನ್ನೂ ಮುಂದ ಐತಿ. ಸುಮ್ಮನಿರು," ಎಂದರು ಮಾಸ್ತರರು.

ಅಷ್ಟರಲ್ಲಿ ಅಕ್ಕ ಮಗನ ಕೈ ಹಿಡಿದು ಮುದ್ದೇಬಿಹಾಳದ ಬಸ್ಸಿಗೆ ಕೈ ಮಾಡಿದಳು. "ತಮ್ಮಾ, ಪುರಾಣ ಮುಗಿಸ್ಕೊಂಡು ಬಾ." ಇಡೀ ಸಭೆ ತಿರುಗಿ ನನ್ನನ್ನೇ ನೋಡಿತು. ನಾನು ತಲೆ ತಗ್ಗಿಸಿ ಮುಂದಿನ ಸಾಲು ಓದಿದೆ.

ವರ ಬಸ್ಸಿನಲ್ಲಿ ನಿಂತುಕೊಂಡೇ ಹೋದ. ಮುಹೂರ್ತ ತಪ್ಪಲಿಲ್ಲ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದ ಜೀಪಿನಲ್ಲಿ ನಾನು ಸಂಜೆ ಮುದ್ದೇಬಿಹಾಳ ತಲುಪಿದೆ. ಜೀಪು ಬಂದೊಡನೆ ಬಾರಿಸಬೇಕೆಂದು ಬೀಗರು ಹೇಳಿಟ್ಟಿದ್ದರಿಂದ ಬ್ಯಾಂಡಿನವರು ಬಾರಿಸಿದರು.